ಪಂಜರಕ್ಕೆ ಸಿಕ್ಕದ ಪ್ರಾಣಿ

ನಮ್ಮೂರು ರಾಂಪುರದಿಂದ ಚಿತ್ರದುರ್ಗಕ್ಕೆ ಹೋಗಿ ಕೋಟೆಯನ್ನು ಹತ್ತಿಳಿದವರು, ಮಕ್ಕಳ ಹಟಕ್ಕೆ ಮಣಿದು, ಜೋಗಿಮಟ್ಟಿಯ ಮಗ್ಗುಲಿನ ಆಡುಮಲ್ಲೇಶ್ವರ ಕಿರು ಮೃಗಾಲಯವನ್ನೂ ನೋಡಿ ಬರುವುದು ವಾಡಿಕೆ. ಆದರೆ ಚಿರತೆಯ ಮುಂದೆ ಮೈಮರೆತು ನಿಂತವನ ಕಾಲಿಗೆ ಸದ್ದಿಲ್ಲದೆ ಬಂದು ಕೂರುವ ಪ್ರಾಣಿಯೊಂದರ ಹೆಸರು ಮಾತ್ರ ಯಾವ ಊರಿನ ಮೃಗಾಲಯದ ಫಲಕದಲ್ಲಿಯೂ ಕಾಣಸಿಗದು.

ಮೊಳಕಾಲ್ಮೂರು, ಚಳ್ಳಕೆರೆಗಳಂತಹ ಮಳೆಗೆ ಬಡವಾದ ಸೀಮೆಯಲ್ಲಿ ಸೊಳ್ಳೆಗೆಲ್ಲಿಯ ನೆಲೆ ಎಂದು ಕೇಳುವವರು ಹಿತ್ತಿಲಿನ ಡ್ರಮ್ಮನ್ನೂ ಕಲ್ಲುಬಾನಿಯನ್ನೂ ಮರೆತವರು. ನಲ್ಲಿಯ ನೀರು ವಿರಳವಾದಷ್ಟೂ ಕೂಡಿಟ್ಟ ನೀರು ಹೆಚ್ಚು ದಿನ ನಿಲ್ಲುವುದು. ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಆ ತಿಳಿನೀರೇ ತವರು. ಮೃಗಾಲಯವಾದರೋ ಇಂತಹ ತವರುಗಳ ಸಂತೆ: ಕುಡಿಯುವ ತೊಟ್ಟಿ, ಕರಡಿಯ ಕೊಳ, ಹಕ್ಕಿಗಳ ಬಟ್ಟಲು, ಮರದ ಪೊಟರೆ, ಯಾರೋ ಎಸೆದುಹೋದ ಎಳನೀರ ಬುರುಡೆ.

ಕೂಡಿಟ್ಟ ನೀರೇ ಸೊಳ್ಳೆಯ ತವರೆಂಬುದು ಹೊಸ ಮಾತಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಬಳಿ ಇದ್ದ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳು ಮಿಲಮಿಲನೆ ಆಡುತ್ತಿದ್ದುದನ್ನು ಕಂಡು ನೀರನ್ನು ಚೆಲ್ಲಿಸಿದನು. ಕೋಣೆಯ ಸೊಳ್ಳೆಗಳು ಅಷ್ಟಕ್ಕೇ ತಗ್ಗಿದುವು. ಮುಂದೆ 1898ರಲ್ಲಿ ಮಲೇರಿಯಾ ರೋಗಾಣುವಿನ ಜೀವನಚಕ್ರವನ್ನು ಆತನು ಆದ್ಯಂತವಾಗಿ ತೋರಿಸಿಕೊಟ್ಟುದು ಮನುಷ್ಯರಲ್ಲಲ್ಲ, ಕಲ್ಕತ್ತೆಯಲ್ಲಿ, ಪಂಜರದ ಹಕ್ಕಿಗಳಲ್ಲಿ. ಈ ಹಕ್ಕಿಮಲೇರಿಯಾ ನಮಗೆ ತಗುಲದು. ಆದರೆ ಸೊಳ್ಳೆಯನ್ನೇ ಕಾಣದ ಶೀತಸಮುದ್ರಗಳಿಂದ ತಂದ ಪೆಂಗ್ವಿನ್ನುಗಳು ಅನೇಕ ಮೃಗಾಲಯಗಳಲ್ಲಿ ಇದಕ್ಕೆ ಬಲಿಯಾಗಿವೆ.

ಆದರೆ ಹಕ್ಕಿಯ ರೋಗವೆಲ್ಲ ಹಕ್ಕಿಯಲ್ಲಿಯೇ ನಿಲ್ಲದು. 1999ರ ಬೇಸಗೆಯ ಕೊನೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಮಿದುಳುಜ್ವರವು ಕಾಣಿಸಿಕೊಂಡಾಗ, ಆರೋಗ್ಯಾಧಿಕಾರಿಗಳು ಅದನ್ನು ಅಮೆರಿಕೆಗೆ ಪರಿಚಿತವಾದ ಸೇಂಟ್ ಲೂಯಿ ಜ್ವರವೆಂದೇ ಬಗೆದರು. ಅದೇ ವೇಳೆಗೆ ಬ್ರಾಂಕ್ಸ್ ಮೃಗಾಲಯದ ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್ನಮಾರ ಅವರು, ಮೊದಲು ಆವರಣದ ಕಾಗೆಗಳೂ ಅನಂತರ ಸಾಕಿದ ಫ್ಲೆಮಿಂಗೋಗಳೂ ಉರುಳುತ್ತಿರುವುದನ್ನು ನೋಡುತ್ತಿದ್ದರು. ಸೇಂಟ್ ಲೂಯಿ ಜ್ವರವು ಹಕ್ಕಿಗಳನ್ನು ಕೊಲ್ಲುವಂತಹುದಲ್ಲ. ಕುದುರೆಗಳಿಗೆ ಬರುವ ಮತ್ತೊಂದು ಮಿದುಳುಜ್ವರವೆನ್ನೋಣವೆಂದರೆ, ಅದಕ್ಕೆ ಮೊದಲು ಬೀಳಬೇಕಾದ ಎಮು ಪಕ್ಷಿಗಳು ಆರೋಗ್ಯದಿಂದ ಮೇಯುತ್ತಿದ್ದುವು. ಸತ್ತ ಹಕ್ಕಿಯಷ್ಟೇ ಬದುಕಿದ ಹಕ್ಕಿಯೂ ಸಾಕ್ಷಿ ನುಡಿದ ಈ ತರ್ಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಕಡೆಗೆ ಅದು ಪಶ್ಚಿಮ ಗೋಲಾರ್ಧವು ಅದುವರೆಗೆ ಕಾಣದಿದ್ದ ವೆಸ್ಟ್ ನೈಲ್ ವೈರಾಣುವೆಂದು ತಿಳಿದುಬಂದಿತು. ಆ ವರ್ಷ ಅಲ್ಲಿ ಏಳು ಜನ ತೀರಿಕೊಂಡರು. ಅದನ್ನು ಹರಡಿದುದು ಕ್ಯೂಲೆಕ್ಸ್ ಎಂಬ ಕೊಳೆನೀರಿನ ಸೊಳ್ಳೆ.

ಆದುದರಿಂದಲೇ ಮೃಗಾಲಯಗಳಲ್ಲಿ ಸೊಳ್ಳೆಗಳ ಮೇಲೆ ಕಣ್ಣಿಡುವುದು ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ. ಸಂಜೆಗೆ ಮರದ ಕೊಂಬೆಗೆ ಪುಟ್ಟ ದೀಪವೂ ಫ್ಯಾನೂ ಉಳ್ಳ ಬಲೆಚೀಲವನ್ನು ತೂಗುಹಾಕಿ, ಉಸಿರಿನ ವಾಸನೆಯನ್ನು ನಟಿಸಲು ಬಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಮಂಜುಗಡ್ಡೆಯನ್ನಿಟ್ಟರೆ, ಬೆಳಗಾಗುವಷ್ಟರಲ್ಲಿ ಚೀಲದಲ್ಲಿ ಆ ರಾತ್ರಿಯ ಜನಗಣತಿ ಸಿದ್ಧವಾಗಿರುವುದು. ಹುಲ್ಲು ಕೊಳೆಸಿದ ನೀರಿನ ಬೋಗುಣಿಯು ತತ್ತಿಯಿಡಲು ಬರುವ ಕ್ಯೂಲೆಕ್ಸನ್ನು ಸೆಳೆಯುವುದು. ಕಪ್ಪು ಕುಡಿಕೆಯು ಈಡಿಸನ್ನು. ಸೂಕ್ಷ್ಮದರ್ಶಕದ ಕೆಳಗೆ ಕಾಲಿನ ಬಿಳಿಯ ಪಟ್ಟೆಗಳಿಂದ ಈಡಿಸನ್ನೂ ರೆಕ್ಕೆಯ ಮಚ್ಚೆಗಳಿಂದ ಅನಾಫಿಲಿಸನ್ನೂ ಬೇರ್ಪಡಿಸಿದ ಬಳಿಕ, ಹೊಟ್ಟೆ ಕೆಂಪಗೆ ಉಬ್ಬಿದ ಹೆಣ್ಣುಗಳಿಗೆ ವಿಶೇಷ ಮರ್ಯಾದೆ: ಆ ಹನಿ ರಕ್ತವು ಜಿಂಕೆಯದೋ, ನವಿಲಿನದೋ, ಟಿಕೆಟು ಕೊಂಡು ಬಂದವನದೋ ಎಂಬುದನ್ನು ಪ್ರಯೋಗಾಲಯವು ಹೇಳಬಲ್ಲುದು. ಹಕ್ಕಿಯನ್ನೂ ಮನುಷ್ಯನನ್ನೂ ಒಂದೇ ಜಾತಿಯ ಸೊಳ್ಳೆ ಕಡಿಯುತ್ತಿದ್ದರೆ ರೋಗಕ್ಕೆ ಸೇತುವೆ ಕಟ್ಟಿದಂತೆಯೇ.

ನಮಗೆ ಇದು ದೂರದ ಮಾತಲ್ಲ. ರಾಂಪುರದ ಬಡಗಲಿಗೆ, ತುಂಗಭದ್ರೆಯ ಕಾಲುವೆಗಳು ಭತ್ತದ ಗದ್ದೆಗಳನ್ನು ಹಬ್ಬಿಸಿರುವ ಬಳ್ಳಾರಿ ಜಿಲ್ಲೆಯು ಜಪಾನೀ ಮಿದುಳುಜ್ವರಕ್ಕೆ ನೆಲೆಯಾದ ಜಿಲ್ಲೆಗಳಲ್ಲೊಂದು. ಗದ್ದೆಯ ಸೊಳ್ಳೆ, ಬೆಳ್ಳಕ್ಕಿ, ಹಂದಿ ಈ ಮೂರರ ನಡುವೆ ಸುತ್ತುವ ಆ ವೈರಾಣುವಿಗೆ ಮನುಷ್ಯನು ಆಕಸ್ಮಿಕ ಬಲಿ. ಟಿಕೆಟಿಲ್ಲದೆ ಮೃಗಾಲಯದ ಕೊಳಕ್ಕೆ ಇಳಿಯುವ ಬೆಳ್ಳಕ್ಕಿಯನ್ನು ಯಾವ ಕಾವಲುಗಾರನು ತಡೆದಾನು?

ಹೊಗೆಯಂತ್ರದ ಸದ್ದು ಜನರಿಗೆ ಧೈರ್ಯ ಕೊಡುವುದಾದರೂ ಅದು ನೀರಿನೊಳಗಿನ ಮರಿಯನ್ನು ಮುಟ್ಟದು. ಪಂಜರದ ಹಕ್ಕಿಗಾದರೋ ಹೊಗೆಯಿಂದ ಓಡಲು ದಾರಿಯಿಲ್ಲ. ಕೊಳದಲ್ಲಿ ಮರಿಗಳನ್ನು ತಿನ್ನುವ ಮೀನುಗಳೂ, ತೊಟ್ಟಿಗೆ ವಾರಕ್ಕೊಮ್ಮೆಯ ಶುದ್ಧಿಯೂ ಮೇಲು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ: ಈಡಿಸ್ ತನ್ನ ತತ್ತಿಯನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೇವದ ಗೋಡೆಗೆ ಅಂಟಿಸುವುದು, ಒಣಗಿದರೂ ಅದು ತಿಂಗಳುಗಟ್ಟಲೆ ಜೀವ ಹಿಡಿದಿರುವುದು. ನೀರು ಬರುವ ದಿನ ನಮ್ಮ ರಾಂಪುರದ ಹಿತ್ತಿಲುಗಳಲ್ಲಿ ತೆಂಗಿನ ನಾರಿನಿಂದ ಬಾನಿಯ ತಳವನ್ನು ತಿಕ್ಕಿ ತೊಳೆಯುವ ಸದ್ದು ಕೇಳುತ್ತಿರುತ್ತದೆ. ಅಂಚನ್ನೂ ತಿಕ್ಕುವವರು ವಿರಳ.