ತಿಲಕ್ ನಗರ: ಬೆಳಗಿನ ಕಾವಲಿಯಿಂದ ಸಂಜೆಯ ದೇಗಿನವರೆಗೆ

ಬೆಂಗಳೂರಿಗೆ ಬಂದು ಒಂದು ದಿನ ತಿಂದು ತಿರುಗಬೇಕು ಎನ್ನುವವರಿಗೆ ಊರಿನವರು ಹೇಳುವ ಜಾಗಗಳು ಹೆಚ್ಚುಕಡಿಮೆ ಒಂದೇ. ದೋಸೆಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಇಡ್ಲಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ರಮ್ಜಾನ್ ತಿಂಗಳಾದರೆ ಸಂಜೆಗೆ ಫ್ರೇಜರ್ ಟೌನಿನ ಮಸೀದಿ ರಸ್ತೆ. ಹೋಗಲೇಬೇಕಾದ ಜಾಗಗಳು, ಅನುಮಾನವಿಲ್ಲ. ಆದರೆ ಒಂದರಿಂದ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಅರ್ಧ ದಿನ ಸಿಗ್ನಲ್ಲುಗಳಲ್ಲೇ ಕಳೆದಿರುತ್ತದೆ. ನನ್ನನ್ನು ಕೇಳಿದರೆ ತಿಲಕ್ ನಗರಕ್ಕೆ ಬನ್ನಿ ಎನ್ನುತ್ತೇನೆ, ಅದೂ ರಮ್ಜಾನಿನಲ್ಲಿ. ಬೆಳಗಿನ ದೋಸೆಯೂ ಸಂಜೆಯ ಹಲೀಮೂ ಇಲ್ಲಿ ಕಾಲ್ನಡಿಗೆಯ ದೂರದಲ್ಲಿವೆ.

ಜಯನಗರದ ನಾಲ್ಕನೇ ‘ಟಿ’ ಬ್ಲಾಕಿಗೆ ಅಂಟಿಕೊಂಡೇ ತಿಲಕ್ ನಗರ ಶುರುವಾಗುತ್ತದೆ. ಒಂದು ಮಗ್ಗುಲಿಗೆ ಬೈರಸಂದ್ರ, ಬನ್ನೇರುಘಟ್ಟ ರಸ್ತೆಯ ಕಡೆಗೆ ಗುರಪ್ಪನಪಾಳ್ಯ. ಹಸಿರು ಮಾರ್ಗದ ಮೆಟ್ರೊದಲ್ಲಿ ಬರುವವರು ಜಯನಗರದಲ್ಲಿ ಇಳಿದರೆ ನಾಲ್ಕನೇ ಬ್ಲಾಕಿನ ಮೂಲಕ ನಡೆದು ಬರಬಹುದು. 2025ರ ಆಗಸ್ಟಿನಲ್ಲಿ ಓಡಾಟ ಆರಂಭಿಸಿದ ಹಳದಿ ಮಾರ್ಗದವರಿಗೆ ಜಯದೇವ ಆಸ್ಪತ್ರೆ ನಿಲ್ದಾಣವಿದೆ. ಜಯನಗರ 1948ರಲ್ಲಿ ಅಡಿಗಲ್ಲು ಕಂಡ, ನಕ್ಷೆ ಬರೆದು ಕಟ್ಟಿದ ಬಡಾವಣೆ. ಬ್ಲಾಕು, ಮೇನು, ಕ್ರಾಸು ಎಂದು ಲೆಕ್ಕವಿಟ್ಟು ಹೋಗುತ್ತದೆ. ತಿಲಕ್ ನಗರಕ್ಕೆ ಕಾಲಿಟ್ಟ ಕೂಡಲೇ ರಸ್ತೆ ಕಿರಿದಾಗುತ್ತದೆ, ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ, ಗ್ಯಾರೇಜು, ಟೈಲರ್ ಅಂಗಡಿ, ಮಾಂಸದಂಗಡಿ, ಬೇಕರಿ ಒಂದರ ಬೆನ್ನಿಗೆ ಒಂದು ಬರುತ್ತವೆ.

ಬೆಳಗನ್ನು 26ನೇ ಮೇನಿನ ತಾಜಾ ತಿಂಡಿಯಲ್ಲಿ ಶುರುಮಾಡುವುದು ಒಳ್ಳೆಯದು. ಚಿಕ್ಕ ಪಟ್ಟಿ, ನಿಂತು ತಿನ್ನುವ ಮೇಜು, ತೊಳೆದಿಟ್ಟ ಹಾಗಿರುವ ಅಡುಗೆಮನೆ. ಮಸಾಲೆ ದೋಸೆ ತೆಗೆದುಕೊಂಡು ಪಕ್ಕಕ್ಕೆ ಸರಿದರೆ ನೋಡಬೇಕಾದ್ದು ತಟ್ಟೆಯಲ್ಲಷ್ಟೇ ಅಲ್ಲ, ಕಾವಲಿಯ ಮೇಲೂ ಇದೆ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುವುದು, ಒಂದು ಸಾಲಿಗೆ ಹಿಟ್ಟು ಹುಯ್ಯುವುದು, ಬಟ್ಟಲ ತಳದಲ್ಲಿ ಸುತ್ತು ತಿರುಗಿಸಿ ಹರಡುವುದು, ಕೊನೆಯ ದೋಸೆ ಹರಡುವ ಹೊತ್ತಿಗೆ ಮೊದಲನೆಯದರ ಅಂಚು ಕೆಂಪಾಗಿ ಏಳುವುದು. ನಿಂತು ತಿನ್ನುವ ಈ ಪದ್ಧತಿ ಬೆಂಗಳೂರಿನಲ್ಲಿ ಬೇರೂರಿದ್ದು ಇದೇ ನೆರೆಯಲ್ಲಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಮುಂದೆ ಊರಿನ ಮೂಲೆಮೂಲೆಯಲ್ಲೂ ದರ್ಶಿನಿಗಳು ಬಂದವು. ಬಡಿಸುವವರಿಲ್ಲ, ಕುರ್ಚಿಯಿಲ್ಲ, ಅದಕ್ಕೇ ಬೆಲೆ ಕಡಿಮೆ. ಕೂಲಿಗೆ ಹೊರಟವರೂ ಸಾಫ್ಟ್‌ವೇರ್ ಕಚೇರಿಗೆ ಹೊರಟವರೂ ಒಂದೇ ಮೇಜಿಗೆ ಮೊಣಕೈ ಊರಿ ತಿನ್ನುವಂತಾದದ್ದು ದರ್ಶಿನಿಗಳಿಂದ. ಈ ಊರಿಗೆ ಅವು ಮಾಡಿದ ಉಪಕಾರ ಸಣ್ಣದಲ್ಲ.

“ನಿಮ್ಮ ತಿಂಡಿ ಯಾವಾಗಣ್ಣ?” ಎಂದು ಈ ಸುತ್ತಿನ ದರ್ಶಿನಿಯೊಂದರ ದೋಸೆ ಭಟ್ಟರನ್ನು ಕೇಳಿದೆ. “ರಶ್ ಇಳೀಲಿ, ಹನ್ನೊಂದಾಗುತ್ತೆ. ಆಗ ದೋಸೆ ಬೇಡ ಅನ್ಸುತ್ತೆ, ಅನ್ನ ಮೊಸರು ತಿಂತೀನಿ” ಎಂದರು. ಸಂಜೆ ತಿಲಕ್ ನಗರದಲ್ಲಿ ನಿಂತಿದ್ದಾಗ ಈ ಮಾತು ನನಗೆ ಮತ್ತೆ ಬೇಕಾಯಿತು.

ಕಾಫಿ ಕುಡಿಯದೆ ಹೊರಡಬೇಡಿ. ಸೂಫಿ ಸಂತ ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ನಾವೆಲ್ಲ ಕೇಳಿ ಬೆಳೆದ ಪ್ರತೀತಿ. ಉಡುಪಿ ಹೋಟೆಲಿನ ಲೋಟಕ್ಕೂ ದರ್ಗಾದ ಗಿರಿಗೂ ಹೀಗೊಂದು ದಾರಿಯಿದೆ.

ಅಲ್ಲಿಂದ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಕಡೆಗೆ. ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ ಇದ್ದದ್ದು ಇಲ್ಲೇ, ಈಗ ಅದಿಲ್ಲ. ಸುತ್ತಲಿನ ಬಟ್ಟೆ, ಬಳೆ, ಹೂ, ತರಕಾರಿಯ ಗದ್ದಲಕ್ಕೆ ಮಾತ್ರ ಏನೂ ಕಡಿಮೆಯಾಗಿಲ್ಲ. ತರಕಾರಿ ರಾಶಿಯಲ್ಲಿ ಸೀಮೆ ಬದನೆ ಕಂಡರೆ ಒಂದು ಗಳಿಗೆ ನಿಲ್ಲಿ. ಮೆಕ್ಸಿಕೊ ಕಡೆಯ ಈ ಬಳ್ಳಿಯನ್ನು ಬೆಂಗಳೂರಿಗೆ ಒಗ್ಗಿಸಿದ್ದು ಲಾಲ್‌ಬಾಗ್‌. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರನ್ ಅದನ್ನು ತರಿಸಿ ಬೆಳೆಸಿದರು. ಇವತ್ತು ಹಬ್ಬದ ಕೂಟಿಗೂ ದಿನದ ಸಾಂಬಾರಿಗೂ ಅದು ನಮ್ಮದೇ ತರಕಾರಿ.

ಮಧ್ಯಾಹ್ನದ ಬಿಸಿಲಿಗೆ ಅದೇ ಲಾಲ್‌ಬಾಗ್‌ ಸರಿಯಾದ ಜಾಗ. ಆಟೊದಲ್ಲಿ ಸಿದ್ದಾಪುರದ ಕಡೆಯ ಗೇಟಿಗೆ ಹೋದರೆ ದೂರವೇನಲ್ಲ. 1760ರಲ್ಲಿ ಹೈದರ್ ಅಲಿ ಶುರುಮಾಡಿದ ತೋಟ, 240 ಎಕರೆಗೆ ಬೆಳೆದಿದೆ. ಗಾಜಿನ ಮನೆ, ಕೆರೆ, ಹಳೆಯ ಮಾವಿನ ಮರಗಳ ಬಗ್ಗೆ ಬರೆದವರು ಬಹಳ ಜನ. ನಾನು ಕರೆದೊಯ್ಯುವುದು ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಿಸಿಲು ಇಳಿದ ಮೇಲೂ ಅಂಗಾಲು ಸುಡುವಷ್ಟು ಕಾವು ಹಿಡಿದಿಟ್ಟುಕೊಂಡಿರುತ್ತದೆ.

ನಾಲ್ಕೂವರೆಗೆ ತಿಲಕ್ ನಗರಕ್ಕೆ ಮರಳಬೇಕು, ತಡ ಮಾಡಬಾರದು. ಎಲ್ಲರೂ ಏಳು ಗಂಟೆಗೆ ಬಂದು ತಿಂದು ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ನೋಡಬೇಕಾದ್ದು ಅದಕ್ಕಿಂತ ಮೊದಲಿನ ಎರಡು ಗಂಟೆ. ಅಸರ್ ನಮಾಜು ಮುಗಿದು ಗಂಡಸರು ಮಸೀದಿಯಿಂದ ಹೊರಬರುತ್ತಿದ್ದ ಹಾಗೆ ಮುಖ್ಯರಸ್ತೆಯ ಎರಡೂ ಬದಿ ಮೇಜುಗಳು ಏಳುತ್ತವೆ. ಒಂದು ಕಡೆ ಖರ್ಜೂರ. ಒಣಗಿದ್ದು, ಮೆತ್ತನೆಯದು, ಕಪ್ಪು, ಕಂದು, ಪೆಟ್ಟಿಗೆಯಲ್ಲಿ, ಬಿಡಿಯಾಗಿ. ಇನ್ನೊಂದು ಕಡೆ ಕಲ್ಲಂಗಡಿ, ಪರಂಗಿ, ಅನಾನಸು ಹೆಚ್ಚಿ ಡಬ್ಬಿಗೆ ತುಂಬುವ ಹುಡುಗರು. ಹಿಟ್ಟಿನ ತೆಳು ಪಟ್ಟಿಯನ್ನು ಮಡಚಿ, ಖೀಮಾ ಇಟ್ಟು, ಅಂಚಿಗೆ ಮೈದಾ ಅಂಟು ಹಚ್ಚಿ ತ್ರಿಕೋನ ಮಾಡುವ ಕೈಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬಾಣಲೆಗೆ ಬಿದ್ದ ಸಮೋಸದ ಈರುಳ್ಳಿ, ಪುದೀನ ವಾಸನೆ ಬೀದಿಯ ತುದಿಯವರೆಗೂ ಹೋಗುತ್ತದೆ.

ಕರಿಯುತ್ತಿರುವವರು ಬೆಳಗಿನ ಜಾವದ ಸಹರಿ ಊಟದ ನಂತರ ಒಂದು ಗುಟುಕು ನೀರು ಕುಡಿದಿಲ್ಲ. ಮಾರ್ಚಿನ ಸೆಕೆ, ಎಣ್ಣೆಯ ಝಳ, ಎದುರಿಗೆ ರಾಶಿ ತಿಂಡಿ. ಹಲೀಮು ಬೇಯುವ ದೇಗಿನ ಮುಂದೆ ನಿಂತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಚಾಚಾ, ರೋಜಾ ಇದ್ದೀರಿ, ರುಚಿ ನೋಡೋ ಹಾಗಿಲ್ಲ. ಉಪ್ಪು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?”

ಅವರು ಕೈ ತೋರಿಸಿದರು. “ಇದಕ್ಕೆ ಗೊತ್ತಿದೆಯಮ್ಮ. ಅಕ್ಕಿಗೆ ಬೇರೆ ಹಿಡಿ, ಗೋಧಿಗೆ ಬೇರೆ ಹಿಡಿ. ಹೊಸಬರಾದ್ರೆ ಈ ಮಗೂಗೆ ಕೊಡ್ತಾರೆ, ಇವನು ಹೇಳ್ತಾನೆ” ಎಂದು ಪಕ್ಕದಲ್ಲಿ ಆಡುತ್ತಿದ್ದ, ಇನ್ನೂ ರೋಜಾ ಹಿಡಿಯುವ ವಯಸ್ಸಾಗದ ಮೊಮ್ಮಗನ ತಲೆ ಸವರಿದರು. ಅವರ ಕನ್ನಡ ಅಚ್ಚುಕಟ್ಟು, ಮೊಮ್ಮಗನ ಜೊತೆ ಬೆಂಗಳೂರಿನ ದಖನಿ ಉರ್ದು.

ಒಡೆದ ಗೋಧಿ, ಬೇಳೆ, ಮಾಂಸ ಗಂಟೆಗಟ್ಟಲೆ ಬೆಂದು, ಮರದ ಉದ್ದ ಕೋಲಿನಲ್ಲಿ ಅರೆದು ಒಂದಾದರೆ ಹಲೀಮು. ಅರಬರ ಹರೀಸ್ ಇದರ ಹಿರಿಯ ನೆಂಟ. ಹೈದರಾಬಾದಿನ ಹಲೀಮಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತಿಲಕ್ ನಗರದ್ದು ಅಷ್ಟು ಹೆಸರಾದದ್ದಲ್ಲ. ಮೆಣಸಿನ ಖಾರ ಸ್ವಲ್ಪ ಮುಂದು, ಮೇಲೆ ಕರಿದ ಈರುಳ್ಳಿ, ನಿಂಬೆಹೋಳು. ನನಗೆ ಇದೇ ಹೆಚ್ಚು ಒಗ್ಗುತ್ತದೆ. ಒಂದೆರಡು ಮಳಿಗೆಗಳಲ್ಲಿ ‘ಪತ್ಥರ್ ಕಾ ಗೋಷ್ತ್’ ಕೂಡ ಇದೆ. ಕೆಂಡದ ಮೇಲೆ ದಪ್ಪ ಕಲ್ಲುಚಪ್ಪಡಿ ಇಟ್ಟು, ಅದರ ಮೇಲೆಯೇ ಮಾಂಸ ಬೇಯಿಸುತ್ತಾರೆ. ಮಧ್ಯಾಹ್ನ ಬಂಡೆಯ ಕಾವನ್ನು ಅಂಗಾಲಲ್ಲಿ ಕಂಡು ಬಂದವರಿಗೆ ಈ ಅಡುಗೆಯ ಉಪಾಯ ಯಾರೂ ವಿವರಿಸಬೇಕಾಗಿಲ್ಲ.

ಆರು ದಾಟುತ್ತಿದ್ದಂತೆ ಕೊಳ್ಳುವವರ ನೂಕು. ಮನೆಗೆ ಪೊಟ್ಟಣ ಒಯ್ಯುವವರು, ಮಸೀದಿಗೆ ತಟ್ಟೆ ಕಳಿಸುವವರು, ‘ಟಿ’ ಬ್ಲಾಕಿನಿಂದ ಸ್ಕೂಟರಿನಲ್ಲಿ ಬಂದ ಕಾಲೇಜು ಹುಡುಗಿಯರು. ನಡುವೆ ಕಾರು, ಬಸ್ಸು, ಆಂಬುಲೆನ್ಸು. ಸ್ವಾಗತ್ ರಸ್ತೆಯಲ್ಲಿ ದೊಡ್ಡ ಆಸ್ಪತ್ರೆಯೇ ಇದೆ, ಹಾಗಾಗಿ ದಾರಿ ಪೂರ್ತಿ ಮುಚ್ಚುವುದು ಆಗದ ಮಾತು. ಆದರೆ ಸಂಜೆ ಐದರಿಂದ ಎಂಟರವರೆಗೆ ಕಾರುಗಳನ್ನಾದರೂ ಬೇರೆ ಕಡೆ ತಿರುಗಿಸಬೇಕು, ತಳ್ಳುಗಾಡಿಯವರಿಗೆ ದೀಪ, ನೀರು, ಕಸದ ಡಬ್ಬಿ ಒದಗಿಸಬೇಕು. ಚರ್ಚ್ ಸ್ಟ್ರೀಟಿನಲ್ಲಿ 2020ರ ಕೊನೆಗೆ ವಾರಾಂತ್ಯಗಳಲ್ಲಿ ವಾಹನ ತಡೆದು ನಡೆಯುವವರಿಗೆ ಬಿಟ್ಟುಕೊಟ್ಟ ಊರು ಇದು. ವರ್ಷಕ್ಕೊಂದು ತಿಂಗಳು ತಿಲಕ್ ನಗರಕ್ಕೂ ಅಷ್ಟು ಮಾಡಬಹುದು. ಕಡಾಯಿಯ ಪಕ್ಕದಲ್ಲೇ ಬಸ್ಸು ಸವರಿಕೊಂಡು ಹೋಗುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಆರೂವರೆಯ ಸುಮಾರಿಗೆ ಮಗ್ರಿಬಿನ ಆಜಾನು. ದುಡ್ಡು ಎಣಿಸುತ್ತಿದ್ದ ಕೈ ಖರ್ಜೂರಕ್ಕೆ ಹೋಗುತ್ತದೆ. ಜೋರು ವ್ಯಾಪಾರವೆಲ್ಲ ಕೆಲವು ನಿಮಿಷ ನಿಂತುಹೋಗುತ್ತದೆ, ಗಿರಾಕಿಗಳೂ ಕಾಯುತ್ತಾರೆ, ಯಾರೂ ಅವಸರ ಮಾಡುವುದಿಲ್ಲ. ಚಾಚಾ ಒಂದು ಲೋಟ ನೀರನ್ನು ನಿಧಾನವಾಗಿ ಕುಡಿದರು, ಪಕ್ಕದ ಗಾಡಿಯವನು ಕೊಟ್ಟ ಕಲ್ಲಂಗಡಿ ಹೋಳು ತಿಂದರು. ನಮಾಜು ಮುಗಿಸಿ ಬಂದವರೇ ಮತ್ತೆ ಸೌಟು ಹಿಡಿದರು. ಅವರ ನಿಜವಾದ ಊಟ ತರಾವೀಹ್ ನಮಾಜು ಆದ ಮೇಲೆ, ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ. ಬೆಳಗಿನ ದೋಸೆ ಭಟ್ಟರ ಹನ್ನೊಂದು, ಇವರ ಹನ್ನೊಂದು. ನಮ್ಮ ಊರನ್ನು ಉಣಿಸುವವರೆಲ್ಲ ಇಷ್ಟು ತಡವಾಗಿಯೇ ಉಣ್ಣುತ್ತಾರೆ. ತಿಂಡಿಯ ಬಗ್ಗೆ ಇಷ್ಟೊಂದು ಬರೆಯುವ ನಾವು ಇದನ್ನೂ ಬರೆಯಬೇಕು.

ಮಾಂಸ ತಿನ್ನದವರಿಗೂ ಇಲ್ಲಿ ಬರಿಗೈಯಲ್ಲಿ ಹಿಂದಿರುಗುವ ಕಷ್ಟವಿಲ್ಲ. ಬ್ರೆಡ್ ಪುಡಿಂಗು, ಖೋವಾ ತುಂಬಿದ ನಾನು, ಫಿರ್ನಿ, ಸುಲೇಮಾನಿ ಚಹಾ ಇವೆ. ಈದಿನ ಶೀರ್ ಖುರ್ಮಾಕ್ಕೆ ಬೇಕಾದ ಕೂದಲೆಳೆಯ ಶ್ಯಾವಿಗೆ, ಚಾರೋಳಿ, ಒಣ ಖರ್ಜೂರ ಮಾರುವ ಅಂಗಡಿಯಲ್ಲಿ ಕೇಳಿದರೆ ಮಾಡುವ ಕ್ರಮವನ್ನೂ ಹೇಳಿಕೊಡುತ್ತಾರೆ. ತುಪ್ಪದಲ್ಲಿ ಶ್ಯಾವಿಗೆ ಸಣ್ಣ ಉರಿಯಲ್ಲಿ ಹುರಿಯಬೇಕು, ಹಾಲು ಗಟ್ಟಿಯಾದ ಮೇಲೆಯೇ ಹಾಕಬೇಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ.

ನಾನು ಹೊರಡುವ ಹೊತ್ತಿಗೆ ಸಮೋಸದ ಮೇಜಿನಲ್ಲಿ ತಟ್ಟೆ ಬರಿದಾಗಿತ್ತು. ಎರಡು ಸಿಗುತ್ತಾ ಎಂದೆ. “ನಾಳೆ ಬನ್ನಿ ಅಕ್ಕ, ಆರು ಗಂಟೆ ಒಳಗೆ” ಎಂದ ಹುಡುಗ, ನಾಳೆಯ ಈರುಳ್ಳಿ ಮೂಟೆಯನ್ನು ಆಗಲೇ ಬಿಚ್ಚುತ್ತಿದ್ದ.