ನೈಫ್‌ನ ‘ಕೆ’, ಅಜ್ಜಿಯ ‘ಆಲು’

ಬಸ್ಸಲ್ಲಿ ಕೂತು ಕೇಳ್ತಿರೋರು ಇಯರ್‌ಫೋನ್ ಸರಿ ಮಾಡ್ಕೊಳ್ಳಿ, ಇವತ್ತಿನ ವಿಷಯ ಸದ್ದು.

ಆರನೇ ಕ್ಲಾಸಲ್ಲಿ ನಾನು ‘ನೈಫ್’ ಅನ್ನೋ ಪದವನ್ನ ಸ್ಪೆಲಿಂಗ್ ನೋಡಿ ‘ಕ್ನೈಫ್’ ಅಂತ ಓದಿದ್ದೆ. ಇಡೀ ಕ್ಲಾಸು ನಕ್ಕಿತು. ‘ಕೆ’ ಸೈಲೆಂಟು ಅಂದ್ರು ಮೇಷ್ಟ್ರು. ಹಾಗಾದ್ರೆ ಬರೆಯೋದ್ಯಾಕೆ? ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದ್ಮೇಲೆ. ಶೇಕ್ಸ್‌ಪಿಯರ್ ಕಾಲದಲ್ಲಿ ಆ ‘ಕೆ’ ಇನ್ನೂ ಬಾಯಲ್ಲಿತ್ತು. ನಾನು ಓದಿದ್ದು 400 ವರ್ಷ ಲೇಟು, ಅಷ್ಟೇ.

ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳು ಜಾಗ ಬದಲಿಸಿದವು. ‘ನೇಮ್’ ಮೊದಲು ಹೆಚ್ಚುಕಡಿಮೆ ನಮ್ಮ ‘ನಾಮ’ದ ಥರಾನೇ ಕೇಳಿಸ್ತಿತ್ತು. ‘ಹೌಸ್’ ಆಗ ‘ಹೂಸ್’. ನಗಬೇಡಿ, ನಿಜ. ಇದರ ಮಧ್ಯೆ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಅಚ್ಚಾದ ಸ್ಪೆಲಿಂಗು ನಿಧಾನಕ್ಕೆ ಗಟ್ಟಿಯಾಯ್ತು, ಬಾಯಿ ಮಾತ್ರ ಮುಂದೆ ಹೋಯ್ತು. ಸಾಲದ್ದಕ್ಕೆ ಪಂಡಿತರ ಲ್ಯಾಟಿನ್ ಮೋಹ ಬೇರೆ: ‘ಡೆಟ್’ ಪದದಲ್ಲಿ ಯಾರೂ ಹೇಳದ ‘ಬಿ’ ತುರುಕಿದ್ದು ಅವರೇ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಹೊಳೆನರಸೀಪುರದ ‘ಹೊಳೆ’ ಅಂದ್ರೆ ಹೇಮಾವತಿ. ಹಳಗನ್ನಡದಲ್ಲಿ ಈ ಪದ ‘ಪೊೞೆ’. ಕೇರಳದ ಆಲಪ್ಪುಳದಲ್ಲಿರೋ ‘ಪುಳ’ ಇದರ ದಾಯಾದಿ. ಹೀಗೇ ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೆಸರು ಹೆಸರಾಯ್ತು. 10ನೇ ಶತಮಾನದ ಹೊತ್ತಿಗೆ ಶುರುವಾದ ಈ ಬದಲಾವಣೆ ಹೊಯ್ಸಳರ ಕಾಲದುದ್ದಕ್ಕೂ ನಡೀತು. ಆಗ ಅಚ್ಚು ಇರಲಿಲ್ಲ. ಕಲ್ಲು ಕೊರೆಯೋರು, ಓಲೆ ಬರೆಯೋರು ತಡವಾಗಿಯಾದ್ರೂ ಬಾಯಿಯ ಹಿಂದೇನೇ ಬಂದ್ರು. 19ನೇ ಶತಮಾನದಲ್ಲಿ ಕನ್ನಡ ಪುಸ್ತಕ ಅಚ್ಚಾಗೋ ಹೊತ್ತಿಗೆ ‘ಪ’ ‘ಹ’ ಆಗಿ ಮುಗಿದಿತ್ತು. ಇಲ್ಲಾಂದ್ರೆ ನಾವೂ ‘ಪಾಲು’ ಅಂತ ಬರೆದು ‘ಹಾಲು’ ಅಂತ ಓದ್ತಿದ್ವೇನೋ.

ಬಾಯಿ ಅಲ್ಲಿಗೇ ನಿಲ್ಲಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಕಾಲ ಬಳಿ, ಚಾವುಂಡರಾಯ ‘ಮಾಡಿಸಿದಂ’ ಅಂತ ಕೊರೆದಿದೆ. ಪುಸ್ತಕದಲ್ಲಿ ಅದು ‘ಮಾಡಿಸಿದನು’. ಹಾಸನದ ಬಸ್‌ಸ್ಟ್ಯಾಂಡಲ್ಲಿ ‘ಮಾಡ್ಸ್ದ’. ಈಗ ನಮ್ಗೂ ಅಚ್ಚಿದೆ, ಪರೀಕ್ಷೆ ಇದೆ. ಹಾಗಾಗಿ ಬರಹ ಹಿಂದೆ ಬರ್ತಿಲ್ಲ.

ಅರಕಲಗೂಡು ಕಡೆಯ ನಮ್ಮಜ್ಜಿ ‘ಆಲು ಕಾಯ್ಸು’ ಅಂತಾರೆ, ‘ಆಸ್ನಕ್ಕೆ ಓಗಿದ್ದೆ’ ಅಂತಾರೆ. ಕಾಲೇಜು ಸೇರಿದ ಹೊಸದ್ರಲ್ಲಿ ಅವರ ಫೋನ್ ಬಂದ್ರೆ ಸ್ನೇಹಿತರು ಕೇಳಿಸ್ಕೊಂಡಾರು ಅಂತ ಎದ್ದು ಆಚೆ ಹೋಗ್ತಿದ್ದೆ. ನೆನೆಸ್ಕೊಂಡ್ರೆ ಈಗ್ಲೂ ಚುರ್ ಅನ್ನುತ್ತೆ. ಪಾಲು, ಹಾಲು, ಆಲು. ಒಂದೇ ರೂಟಲ್ಲಿ ಅಜ್ಜಿ ನನಗಿಂತ ಒಂದು ಸ್ಟಾಪ್ ಮುಂದೆ ಇದ್ರು! ಲಂಡನ್ನಿನ ದುಡಿಯೋ ಜನ ‘ಹೌಸ್’ನ ‘ಹ’ ಬಿಟ್ಟು ‘ಔಸ್’ ಅಂದಾಗ್ಲೂ ಉಳಿದವರು ಹೀಗೇ ನಗ್ತಿದ್ರು.

ನಿನ್ನೆ ಫೋನ್ ಮಾಡಿ ಅಜ್ಜಿಗೆ ಇದನ್ನೆಲ್ಲ ವಿವರಿಸ್ದೆ. ಪೂರ್ತಿ ಕೇಳಿಸ್ಕೊಂಡು, ‘ಓಗ್ಲಿ ಬುಡು, ಊಟ ಮಾಡ್ದಾ?’ ಅಂದ್ರು.