ಪರೀಕ್ಷೆ ಅವಳಿಗೆ ಮಾತ್ರವೇ?

ನನ್ನ ತಂಗಿಯ ಮದುವೆಯಾಗಿ ಏಳು ವರ್ಷ. ಅರಳಿಕಟ್ಟೆ ಸುತ್ತಿದ್ದಾಯಿತು, ನಾಗರ ಪ್ರತಿಷ್ಠೆ ಮಾಡಿಸಿದ್ದಾಯಿತು. ಸ್ಕ್ಯಾನಿಂಗು, ರಕ್ತಪರೀಕ್ಷೆ, ಲ್ಯಾಪರೋಸ್ಕೋಪಿ ಎಲ್ಲವೂ ಅವಳಿಗೇ. ಸೀಮಂತಕ್ಕೆ ಕರೆಯಲು ಬಂದವರು ಅವಳ ಮನೆ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ಅವಳ ಗಂಡನಿಗೆ ಮಾತ್ರ "ನೀವೂ ಒಮ್ಮೆ ತೋರಿಸಿಕೊಳ್ಳಿ" ಅಂತ ಯಾರೂ ಹೇಳಲಿಲ್ಲ. ಅಕ್ಕನಾದ ನಾನೂ ಹೇಳಲಿಲ್ಲ. ಅದು ನನ್ನ ತಪ್ಪು.

ಕಡೆಗೂ ವೀರ್ಯ ಪರೀಕ್ಷೆ ಆಯಿತು. ಎರಡು ಸಲ ನೋಡಿದರೂ ಒಂದು ವೀರ್ಯಾಣುವೂ ಕಾಣಲಿಲ್ಲ. ಇದಕ್ಕೆ ಅಜೂಸ್ಪರ್ಮಿಯಾ ಅಂತಾರೆ. ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಹೀಗಿರುತ್ತದೆ. ಗಂಡಸ್ತನ ಕಡಿಮೆ ಎಂದು ಇದರ ಅರ್ಥವಲ್ಲ. ದಾಂಪತ್ಯ ಚೆನ್ನಾಗಿಯೇ ಇರಬಹುದು, ವೀರ್ಯವೂ ನೋಡಲು ಎಲ್ಲರದರ ಹಾಗೇ ಇರಬಹುದು. ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ಗೊತ್ತಾಗುವುದಿಲ್ಲ.

ಪೈಪು ಕಟ್ಟಿದೆಯೋ, ಬಾವಿ ಬತ್ತಿದೆಯೋ?

ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಏನು ನೋಡುತ್ತೇವೆ? ಪೈಪು ಕಟ್ಟಿದೆಯೋ, ಬಾವಿಯೇ ಬತ್ತಿದೆಯೋ ಅಂತ ತಾನೇ? ಇಲ್ಲಿಯೂ ಹಾಗೇ. ಕೆಲವರಿಗೆ ಸೋಂಕಿನಿಂದಲೋ ಹಳೆಯ ಆಪರೇಷನ್ನಿನಿಂದಲೋ ನಾಳ ಮುಚ್ಚಿರುತ್ತದೆ. ಇನ್ನು ಕೆಲವರಿಗೆ ವೃಷಣದಲ್ಲಿ ತಯಾರಾಗುವುದೇ ಕಡಿಮೆ. ದೇಹ ಪರೀಕ್ಷೆ, ಹಾರ್ಮೋನು ಪರೀಕ್ಷೆಗಳಿಂದ ಎಷ್ಟೋ ತಿಳಿಯುತ್ತದೆ. ಆಮೇಲೂ ಅನುಮಾನ ಉಳಿದರೆ, ಇಲ್ಲವೇ ವೀರ್ಯಾಣು ಹುಡುಕಿ ತೆಗೆಯಬೇಕಾದರೆ, ವೃಷಣದ ಬಯಾಪ್ಸಿ ಮಾಡುತ್ತಾರೆ.

ಹೆಸರು ಕೇಳಿ ನಮ್ಮ ಭಾವ ಬೆವರಿಬಿಟ್ಟರು, ಎಲ್ಲವನ್ನೂ ಕತ್ತರಿಸಿಬಿಡುತ್ತಾರೆ ಅಂತ! ನಿಜವಾಗಿ ಅರಿವಳಿಕೆ ಕೊಟ್ಟು, ಚೀಲದ ಮೇಲೆ ಚಿಕ್ಕ ಗಾಯ ಮಾಡಿ, ಅಕ್ಕಿಕಾಳಿನಷ್ಟು ಚೂರು ತೆಗೆದು ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಕೆಲವು ದಿನ ನೋವು, ಊತ ಇರುತ್ತದೆ. ಬಿಗಿಯಾದ ಒಳಚಡ್ಡಿ ಹಾಕಬೇಕು, ಬಟ್ಟೆಯಲ್ಲಿ ಸುತ್ತಿದ ಐಸು ಇಡಬೇಕು, ಭಾರ ಎತ್ತಬಾರದು. ಜ್ವರ ಬಂದರೆ, ಊತ ಏರುತ್ತಲೇ ಹೋದರೆ, ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ನಾವು ಎಡವಿದ್ದು ಎಲ್ಲಿ?

ಮೊದಲ ಬಯಾಪ್ಸಿಯ ಚೂರನ್ನು ಔಷಧದ ಸೀಸೆಗೆ ಹಾಕಿ ಲ್ಯಾಬಿಗೆ ಕಳಿಸಿದರು. "ಅಲ್ಲಲ್ಲಿ ಕೆಲವು ವೀರ್ಯಾಣು ಇವೆ" ಎಂದು ವರದಿ ಬಂತು. ನಾವು ಪಾಯಸ ಮಾಡಿದೆವು. ಆಮೇಲೆ ತಿಳಿಯಿತು, ಆ ಸೀಸೆಯಲ್ಲಿ ಯಾವುದೂ ಜೀವಂತ ಉಳಿಯುವುದಿಲ್ಲ ಅಂತ. ಇದ್ದದ್ದೂ ಹೋಯಿತು!

1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚಿ ಗರ್ಭ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಇಕ್ಸಿ ಎಂದರೆ ಇದೇ. ಆಮೇಲೆ ವೃಷಣದಿಂದ ತೆಗೆದ ವೀರ್ಯಾಣುವೂ ಇದಕ್ಕೆ ಸಾಕಾಯಿತು. ಹಾಗಾಗಿ ಬಯಾಪ್ಸಿ ಈಗ ಬರೀ ತಿಳಿಯುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೂ ಹೌದು. ಬಾವಿ ಬತ್ತಿದೆ ಅನ್ನಿಸಿದವರಲ್ಲೂ ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೆ ಸುಮಾರು ಅರ್ಧದಷ್ಟು ಜನಕ್ಕೆ ಸಿಗುತ್ತದೆ.

ಅದಕ್ಕೇ ಸೋದರಿಯರೇ, ಆಪರೇಷನ್ನಿಗೆ ಒಪ್ಪುವ ಮುಂಚೆ ಈ ಮೂರು ಮಾತು ಕೇಳಿ:

1. ಹಾರ್ಮೋನು ಮತ್ತು ವರ್ಣತಂತು ಪರೀಕ್ಷೆ ಆಗಿದೆಯೇ? ವೈ ವರ್ಣತಂತುವಿನ ಕೆಲವು ಭಾಗ ಪೂರ್ತಿ ಇಲ್ಲದಿದ್ದರೆ ಹುಡುಕಿ ಫಲವಿಲ್ಲ, ಕೊಯ್ಯಿಸಿಕೊಳ್ಳುವುದು ತಪ್ಪುತ್ತದೆ.

2. ವೀರ್ಯಾಣು ಸಿಕ್ಕರೆ ಅದೇ ದಿನ ಶೈತ್ಯದಲ್ಲಿ ಕಾಪಾಡಿಡುವ ಏರ್ಪಾಡು ಇದೆಯೇ?

3. ಸಿಗದಿದ್ದರೆ ಮುಂದೇನು? ದಾನಿಯ ವೀರ್ಯವೋ, ದತ್ತು ಮಗುವೋ, ಇಬ್ಬರೇ ಇರುವುದೋ? ಗಂಡ ಹೆಂಡತಿ ಮೊದಲೇ ಕೂತು ಮಾತಾಡಿಕೊಳ್ಳಿ.

ನಮ್ಮ ಭಾವ ಎರಡನೇ ಸಲ ಬೇರೆ ಕಡೆ ಮಾಡಿಸಿಕೊಂಡರು. ಸಿಕ್ಕಿದ್ದನ್ನು ಕಾಪಾಡಿಟ್ಟಿದ್ದಾರೆ. ಒಂದು ಸಲ ಇಕ್ಸಿ ಮಾಡಿಸಿದ್ದು ನಿಲ್ಲಲಿಲ್ಲ, ತಂಗಿ ಬಹಳ ಅತ್ತಳು. ಆಷಾಢ ಕಳೆದ ಮೇಲೆ ಇನ್ನೊಂದು ಪ್ರಯತ್ನ. ಆಗುತ್ತದೋ ಇಲ್ಲವೋ, ದೇವರ ದಯೆ. ಆದರೆ ಭಾವ ತಾವಾಗಿಯೇ ಅವರಮ್ಮನ ಹತ್ತಿರ ಹೋಗಿ, "ಕೊರತೆ ಅವಳದ್ದಲ್ಲಮ್ಮ, ನನ್ನದು" ಎಂದರು. ಅತ್ತೆ ಅವತ್ತಿನಿಂದ ಬಂಜೆ ಎಂಬ ಮಾತನ್ನು ಎತ್ತಿಲ್ಲ. ಏಳು ವರ್ಷದ ಹಿಂದೆಯೇ ಆ ಒಂದು ಪರೀಕ್ಷೆ ಮಾಡಿಸಿದ್ದರೆ! ನಿಮ್ಮ ಮನೆಯ ಹೆಣ್ಣುಮಕ್ಕಳಿಗಾದರೂ ಹಾಗಾಗದಿರಲಿ.